ಜಾಡಿಯೊಳಗಿನ ಕೊಡಸಿಗೆ

“ಗುರುಗಳೇ, ಎಲ್ಲ ಔಷಧಿಗಳೂ ಇಲ್ಲಿ ಜಾಡಿಗಳಲ್ಲಿವೆ. ಜಾಡಿಗಳ ಮೇಲೆ ಹೆಸರಿದೆ. ಹೊಸ ಸರಕು ಬಂದರೆ ಜಾಡಿಯಲ್ಲಿರುವುದರ ಪಕ್ಕ ಇಟ್ಟು ಹೋಲಿಸಿದರಾಯಿತು. ಹೀಗಿರುವಾಗ ನಾವು ಬೆಟ್ಟ ಹತ್ತಿ ಮರ ನೋಡುವ ಅಗತ್ಯವೇನು?”

ಕೇಳಿದವನು ಪಂಪಣ್ಣ. ಮರುಳಸಿದ್ಧಯ್ಯನವರ ಬಳಿ ಮೂಲಿಕೆ ಗುರುತಿಸುವ ವಿದ್ಯೆ ಕಲಿಯಲು ಬಂದು ಅವನಿಗೆ ಎಂಟು ದಿನವಾಗಿತ್ತು. ಬೇರು, ತೊಗಟೆ, ಎಲೆ, ಬೀಜ, ಅಂಟು, ಹೀಗೆ ಮರಗಿಡಗಳಿಂದ ಬರುವ ಔಷಧಿಗಳಲ್ಲಿ ಯಾವುದು ಅಸಲು, ಯಾವುದು ಅಲ್ಲ ಎಂದು ತಿಳಿಯುವುದೇ ಆ ವಿದ್ಯೆ. ಎಂಟು ದಿನಗಳಲ್ಲಿ ಪಂಪಣ್ಣ ನೂರ ನಲವತ್ತು ಜಾಡಿಗಳ ಹೆಸರನ್ನು ಸಾಲಾಗಿ ಬಾಯಿಪಾಠ ಮಾಡಿದ್ದ. ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದ. ಯಾರಾದರೂ ನಡುವಿನ ಒಂದು ಜಾಡಿಯನ್ನು ತೆಗೆದರೆ ಮಾತ್ರ, ಅಲ್ಲಿಂದ ಮುಂದಿನ ಔಷಧಿಗಳೆಲ್ಲ ಹೆಸರು ಬದಲಿಸಿಕೊಳ್ಳುತ್ತಿದ್ದವು.

ಮರುದಿನ ಬೆಳಗ್ಗೆ ಬೆಟ್ಟಕ್ಕೆ ಹೊರಡಬೇಕೆಂದು ಗುರುಗಳು ಹೇಳಿದ್ದರು. ಬೆಟ್ಟ ಕಡಿದಾಗಿತ್ತು. ಪಂಪಣ್ಣನಿಗೆ ಈ ಪ್ರಶ್ನೆ ಹುಟ್ಟಿದ್ದು ಆಗಲೇ.

ಮರುಳಸಿದ್ಧಯ್ಯನವರು ಕೈಯಲ್ಲಿದ್ದ ಬೇರನ್ನು ಕೆಳಗಿಟ್ಟು ಹೇಳತೊಡಗಿದರು.

ಬೆಟ್ಟದ ಬುಡದ ಒಂದು ಪೇಟೆಯಲ್ಲಿ ಒಬ್ಬ ವೈದ್ಯನಿದ್ದ. ಅವನ ಮನೆಯಲ್ಲಿ ಔಷಧಿ ಕುಟ್ಟಲು ಒಬ್ಬ ಹೆಂಗಸು ಬರುತ್ತಿದ್ದಳು. ಅವಳಿಗಿಂತ ಮೊದಲು ಅವಳ ಅತ್ತೆ ಅದೇ ಒರಳಿನಲ್ಲಿ, ಅದೇ ಒನಕೆಯಿಂದ ಕುಟ್ಟುತ್ತಿದ್ದಳು. ಅತ್ತೆಯ ಭುಜ ಹಿಡಿದುಕೊಂಡ ಮೇಲೆ ಒನಕೆ ಸೊಸೆಯ ಕೈಗೆ ಬಂತು. ಒನಕೆಯ ಜೊತೆಗೆ ಬುದ್ಧಿವಾದವೂ ಬಂತು. ಹದಿನಾಲ್ಕು ವರ್ಷವಾದರೂ ಅದು ಇನ್ನೂ ಮುಗಿದಿರಲಿಲ್ಲ.

ಆ ಬುದ್ಧಿವಾದದಲ್ಲಿ ಒಂದು ಹೀಗಿತ್ತು: ಕೊಡಸಿಗೆ ಕುಟ್ಟುವ ದಿನ ಮೂಗು ಬಾಯಿಗೆ ಬಟ್ಟೆ ಕಟ್ಟಬೇಕು. ಕೊಡಸಿಗೆ ಎಂದರೆ ಒಂದು ಮರದ ತೊಗಟೆ. ರಕ್ತಭೇದಿಗೆ ಆ ಪೇಟೆಯಲ್ಲಿ ಅದನ್ನೇ ಕೊಡುತ್ತಿದ್ದರು. ಬೇರೆ ಯಾವ ಔಷಧಿಗೂ ಬಟ್ಟೆ ಇರಲಿಲ್ಲ, ಕೊಡಸಿಗೆಗೆ ಮಾತ್ರ. ಸೊಸೆ ಯಾಕೆ ಎಂದು ಕೇಳಲಿಲ್ಲ. ಅತ್ತೆಯನ್ನು ಯಾಕೆ ಎಂದು ಕೇಳಿದರೆ ಆಗುವ ಅನಾಹುತ ಅವಳಿಗೆ ಗೊತ್ತಿತ್ತು. ಕಟ್ಟು ಎಂದದ್ದಕ್ಕೆ ಕಟ್ಟಿದಳು.

ವರ್ಷಕ್ಕೊಮ್ಮೆ ಕೊಡಸಿಗೆ ಕುಟ್ಟುವ ಆ ದಿನಕ್ಕೆ ಇನ್ನೊಂದು ಪದ್ಧತಿಯೂ ಇತ್ತು. ಸಂಜೆ ಹೊರಡುವಾಗ ವೈದ್ಯನ ಮನೆಯಿಂದ ಕುಟ್ಟಿದವಳಿಗೆ ಒಂದು ಉಂಡೆ ಬೆಲ್ಲ ಕೊಡುತ್ತಿದ್ದರು. ವೈದ್ಯನ ಅಪ್ಪನ ಕಾಲದಿಂದ ಬಂದ ರೂಢಿ ಅದು. ಸೊಸೆ ಅದನ್ನು ದೊಡ್ಡಸ್ತಿಕೆಯ ಮನೆಯವರ ಔದಾರ್ಯ ಎಂದು ತಿಳಿದು, ಸೆರಗಿನಲ್ಲಿ ಕಟ್ಟಿ ಮನೆಗೆ ತರುತ್ತಿದ್ದಳು.

ವೈದ್ಯ ಶಿಸ್ತಿನ ಮನುಷ್ಯ. ಅವನ ಅಪ್ಪ ಸಾಯುವಾಗ ಎರಡು ಮಾತು ಹೇಳಿದ್ದ. ಹೊಸ ತೊಗಟೆ ಬಂದಾಗ ಜಾಡಿಯಲ್ಲಿರುವ ತೊಗಟೆಯೊಡನೆ ಹೋಲಿಸದೆ ತೆಗೆದುಕೊಳ್ಳಬೇಡ. ತೊಗಟೆ ಒಂದು ವರ್ಷ ದಾಟಿದರೆ ಸತ್ವ ಕಳೆದುಕೊಳ್ಳುತ್ತದೆ, ಅದನ್ನು ಇಟ್ಟುಕೊಳ್ಳಬೇಡ. ಎರಡೂ ಒಳ್ಳೆಯ ಮಾತುಗಳೇ. ಮಗ ಎರಡನ್ನೂ ಒಂದು ವರ್ಷವೂ ತಪ್ಪಿಸಲಿಲ್ಲ. ಮಳೆಗಾಲದ ಕೊನೆಗೆ ತೊಗಟೆ ತರುವವನು ಹೊರೆ ಇಳಿಸಿದೊಡನೆ ವೈದ್ಯ ಜಾಡಿ ತೆರೆಯುತ್ತಿದ್ದ. ಎರಡು ತುಂಡುಗಳನ್ನು ಬಿಸಿಲಿಗೆ ಹಿಡಿಯುತ್ತಿದ್ದ, ಮುರಿಯುತ್ತಿದ್ದ, ಮೂಸುತ್ತಿದ್ದ, ನಾಲಿಗೆಗೆ ತಾಗಿಸುತ್ತಿದ್ದ. ಹೊಂದಿದರೆ ಹೊರೆಯನ್ನು ಒಳಗೆ ತರಿಸುತ್ತಿದ್ದ. ಆಮೇಲೆ ಜಾಡಿಯಲ್ಲಿದ್ದ ಹಳೆಯ ತೊಗಟೆಯನ್ನು ಒಲೆಗೆ ಹಾಕಿ, ಹೊಸದನ್ನು ಜಾಡಿಗೆ ತುಂಬುತ್ತಿದ್ದ. ಮುಂದಿನ ವರ್ಷದ ಹೋಲಿಕೆಗೆ ಅದೇ ಆಧಾರ. ಇಷ್ಟು ಎಚ್ಚರಿಕೆಯ ವೈದ್ಯ ಸುತ್ತಮುತ್ತ ಎಲ್ಲೂ ಇರಲಿಲ್ಲ.

ಅವನ ಕೊಡಸಿಗೆಗೆ ಒಳ್ಳೆಯ ಹೆಸರೂ ಇತ್ತು. “ಅಪ್ಪನ ಔಷಧಿ ಕುಡಿಯುವುದಕ್ಕಿಂತ ಕಾಯಿಲೆಯೇ ವಾಸಿ ಅನ್ನಿಸುತ್ತಿತ್ತು. ಮಗನ ಕೈಗುಣ ಮೆದು, ಮಕ್ಕಳೂ ಕುಡಿಯುತ್ತವೆ,” ಎಂದು ಜನ ಹೊಗಳುತ್ತಿದ್ದರು. ಭೇದಿ ಹತ್ತಿದ ಹತ್ತು ಜನರಲ್ಲಿ ಎಂಟು ಜನ ಗಂಜಿ ಕುಡಿದು ಮಲಗಿದ್ದರೂ ಏಳುತ್ತಾರೆ. ಅವರು ಬಂದು ವೈದ್ಯನಿಗೆ ಕೈಮುಗಿದು ಹೋಗುತ್ತಿದ್ದರು. ಉಳಿದ ಇಬ್ಬರು ದೂರು ಹೇಳಲು ಬರುತ್ತಿರಲಿಲ್ಲ.

ಒಂದು ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಪೇಟೆಯಲ್ಲಿ ರಕ್ತಭೇದಿ ಬಂತು. ಈ ಸಲದ್ದು ಗಂಜಿಗೆ ಬಗ್ಗುವ ಭೇದಿಯಾಗಿರಲಿಲ್ಲ. ಸೊಸೆಯ ಮನೆಯಲ್ಲಿ ಅತ್ತೆ ಮಲಗಿದಳು. ಗಂಡ ಗಾಡಿ ಹೊಡೆದುಕೊಂಡು ದೂರದ ಊರಿಗೆ ಹೋಗಿದ್ದ, ಬರಲು ಇನ್ನೂ ಎಂಟು ದಿನವಿತ್ತು. ಹೋಗುವಾಗ “ಅಮ್ಮನನ್ನು ನೋಡಿಕೋ” ಎಂದಿದ್ದ. ಪ್ರತಿ ಸಲ ಹೋಗುವಾಗಲೂ ಹಾಗೆಯೇ ಹೇಳುತ್ತಿದ್ದ. ಆದರೆ ಈ ಸಲ ಆ ಮಾತಿಗೆ ಅರ್ಥ ಬಂತು.

ಸೊಸೆ ತಾನೇ ಕುಟ್ಟಿದ ಪುಡಿಯನ್ನು ವೈದ್ಯನಿಂದ ಪಡೆದು, ಕಷಾಯ ಮಾಡಿ ಅತ್ತೆಯ ಬಾಯಿಗೆ ಹಿಡಿದಳು. ಅತ್ತೆ ಒಂದು ಗುಟುಕು ಕುಡಿದು ಉಗಿದಳು.

“ಏನೇ ಇದು?”

“ಕೊಡಸಿಗೆ, ಅತ್ತೆ.”

“ಯಾರಿಗೆ ಹೇಳ್ತೀಯೇ? ಮೂವತ್ತು ವರ್ಷ ಅದನ್ನ ಕುಟ್ಟಿದವಳು ನಾನು. ಹುರಿಗಡಲೆ ಹಿಟ್ಟು ಕದಡಿಕೊಂಡು ಬಂದು ಕೊಡಸಿಗೆ ಅಂತೀಯಾ? ಮುದುಕಿ ಹೋದರೆ ಹೋಗಲಿ ಅಂತಲಾ?”

ಸೊಸೆಗೆ ಅಳು ಬಂತು, ಸಿಟ್ಟೂ ಬಂತು. ಎರಡಕ್ಕೂ ಪುರುಸೊತ್ತಿರಲಿಲ್ಲ. ಎದ್ದು ವೈದ್ಯನ ಮನೆಗೆ ಹೋಗಿ ಅತ್ತೆ ಅಂದದ್ದನ್ನು ಹೇಳಿದಳು. ವೈದ್ಯ ಸಮಾಧಾನದಿಂದ ಕೇಳಿದ.

“ಕಾಯಿಲೆಯವರ ನಾಲಿಗೆ ಕೆಟ್ಟಿರುತ್ತದೆ ತಾಯಿ. ಅದು ಹೇಳಿದ್ದನ್ನೆಲ್ಲ ಕೇಳಬಾರದು. ನೀನೇ ನೋಡು.” ಅವನು ಜಾಡಿ ತೆರೆದು, ಇನ್ನೂ ಒಲೆಗೆ ಹಾಕದೆ ಉಳಿದಿದ್ದ ಹೋದ ವರ್ಷದ ಒಂದು ತುಂಡು ತೆಗೆದ. ಈ ವರ್ಷದ ಹೊರೆಯಿಂದ ಇನ್ನೊಂದು ತುಂಡು ತೆಗೆದ. ಎರಡೂ ಒಂದೇ ಬಣ್ಣ, ಒಂದೇ ದಪ್ಪ, ಮುರಿದರೆ ಒಂದೇ ಸದ್ದು. ಒಂದೇ ತಾಯಿಯ ಮಕ್ಕಳ ಹಾಗಿದ್ದವು. “ಹೊಂದುತ್ತದೋ ಇಲ್ಲವೋ?”

“ಹೊಂದುತ್ತದೆ,” ಎಂದಳು ಸೊಸೆ.

“ಮತ್ತೇನು? ಹೋಗಿ ಕುಡಿಸು. ಮೂಗು ಹಿಡಿದು ಕುಡಿಸು.”

ಕುಡಿಸಿದಳು. ಮೂರು ದಿನ ಕುಡಿಸಿದಳು. ಮೂರನೆಯ ದಿನ ಅತ್ತೆ ಬೈಯುವುದನ್ನು ನಿಲ್ಲಿಸಿದಳು. ಸೊಸೆಗೆ ನಿಜವಾಗಿ ಭಯವಾದದ್ದು ಆಗ. ಮದುವೆಯಾದಂದಿನಿಂದ ಆ ಮನೆಯಲ್ಲಿ ಇಷ್ಟು ಶಾಂತಿ ಇದ್ದದ್ದಿಲ್ಲ. ಅತ್ತೆಯ ಕಣ್ಣು ಗುಳಿಬಿದ್ದು, ಕೆನ್ನೆಯ ಚರ್ಮ ಎತ್ತಿದರೆ ಎತ್ತಿದಂತೆಯೇ ನಿಲ್ಲುತ್ತಿತ್ತು. ಸೊಸೆ ಬತ್ತಿದ ತುಟಿಗೆ ಉಪ್ಪುಬೆಲ್ಲದ ನೀರು ಬಿಡುತ್ತ ಕೂತಳು. ಬೆಲ್ಲದ ರುಚಿ ತಾಗಿದ್ದೇ ಅತ್ತೆ ಮೆಲ್ಲಗೆ ಕೇಳಿದಳು:

“ಈ ಸಲ ಕುಟ್ಟಿದ ದಿನ ಬೆಲ್ಲ ಕೊಟ್ಟರಾ?”

“ಕೊಟ್ಟರು. ಇದು ಅದೇ.”

“ನೀನು ಅಲ್ಲೇ ತಿನ್ನಲಿಲ್ವಾ?”

“ಇಲ್ಲ. ಯಾವತ್ತೂ ಮನೆಗೇ ತರ್ತೀನಿ. ಅರ್ಧ ನೀವೇ ತಿಂತೀರಿ.”

“ಅದಲ್ಲ ಕಣೇ ನಾನು ಕೇಳಿದ್ದು. ಆ ದಿನ ನಿನಗೆ ಊಟ ಸೇರುತ್ತದಾ?”

“ಯಾಕೆ ಸೇರಬಾರದು?”

ಅತ್ತೆ ಸೊಸೆಯ ಕೈ ಹಿಡಿದಳು. ಹಿಡಿತದಲ್ಲಿ ಬಲವಿರಲಿಲ್ಲ, ಮಾತಿನಲ್ಲಿತ್ತು. “ನನಗೆ ಸೇರುತ್ತಿರಲಿಲ್ಲ. ಕೊಡಸಿಗೆ ಕುಟ್ಟಿದ ದಿನ ಬಟ್ಟೆ ಕಟ್ಟಿದ್ದರೂ ಧೂಳು ಗಂಟಲಿಗೆ ಇಳಿಯುತ್ತಿತ್ತು. ನೀರು ಕಹಿ, ಮಜ್ಜಿಗೆ ಕಹಿ, ಎಂಜಲು ನುಂಗಿದರೂ ಕಹಿ. ಒರಳಿನ ಹತ್ತಿರ ನಿಂತೇ ಅರ್ಧ ಉಂಡೆ ಬೆಲ್ಲ ತಿನ್ನದಿದ್ದರೆ ಮನೆಗೆ ನಡೆಯೋಕಾಗುತ್ತಿರಲಿಲ್ಲ. ದೊಡ್ಡ ವೈದ್ಯರು ನನ್ನ ಮೇಲೆ ಪ್ರೀತಿ ಉಕ್ಕಿ ಬೆಲ್ಲ ಕೊಡುತ್ತಿದ್ದರು ಅಂದುಕೊಂಡೆಯಾ?”

ಹದಿನಾಲ್ಕು ವರ್ಷ ಸೊಸೆ ಬಾಯಿಗೆ ಬಟ್ಟೆ ಕಟ್ಟಿದ್ದಳು. ಹದಿನಾಲ್ಕು ಉಂಡೆ ಬೆಲ್ಲ ಮನೆಗೆ ತಂದಿದ್ದಳು. ಬಟ್ಟೆ ಯಾವುದನ್ನು ತಡೆಯಲು, ಬೆಲ್ಲ ಯಾವುದನ್ನು ಮರೆಸಲು ಎಂದು ಅವಳಿಗೆ ಗೊತ್ತೇ ಇರಲಿಲ್ಲ. ಗೊತ್ತಾಗುವಂಥದ್ದೇನೂ ಆ ಒರಳಿನಲ್ಲಿ ಇರಲಿಲ್ಲ.

“ಹಾಗಾದರೆ ನಿಮ್ಮ ಕಾಲದಲ್ಲೇ ಯಾಕೆ ಹೇಳಲಿಲ್ಲ, ಅತ್ತೆ? ಒಂದೇ ವರ್ಷಕ್ಕೆ ಕಹಿ ಮಾಯವಾಯಿತಾ?”

“ಕೊನೆಕೊನೆಗೆ ಸ್ವಲ್ಪ ಕಮ್ಮಿಯಾಗುತ್ತಾ ಬಂದಿತ್ತು. ನನ್ನ ನಾಲಿಗೆಗೇ ವಯಸ್ಸಾಯಿತು ಅಂದುಕೊಂಡೆ.” ಅತ್ತೆ ಕಣ್ಣು ಮುಚ್ಚಿದಳು. “ಮರ ಹುಡುಕು ಹೋಗು. ಕಾಯಿಗಳು ಉದ್ದನೆಯ ಕೋಡುಗಳು, ಜೋಡಿ ಜೋಡಿಯಾಗಿ ಜೋತಿರುತ್ತವೆ. ಅಂಥದ್ದೇ ಇನ್ನೊಂದು ಮರ ಇದೆ, ಅದರ ಕೋಡೂ ಜೋಡಿಯೇ. ಆದರೆ ಅದರ ಜೋಡಿ ತುದಿಯಲ್ಲಿ ಕೂಡಿಕೊಂಡಿರುತ್ತದೆ. ಕೊಡಸಿಗೆಯದ್ದು ಕೂಡುವುದಿಲ್ಲ, ಬಿಡಿಬಿಡಿ. ದೊಡ್ಡ ವೈದ್ಯರು ಒಂದು ಸಲ ನನ್ನನ್ನೂ ಕರೆದುಕೊಂಡು ಹೋಗಿ ತೋರಿಸಿದ್ದರು. ತೊಗಟೆಯನ್ನ ಒಂದು ಮಗ್ಗುಲಲ್ಲಿ ಸುಲಿ. ಸುತ್ತ ಸುಲಿದರೆ ಮರ ಸಾಯುತ್ತೆ.”

ಇಷ್ಟು ಹೇಳುವುದಕ್ಕೆ ಅವಳಿಗೆ ಬಹಳ ಹೊತ್ತು ಹಿಡಿಯಿತು. ಸೊಸೆ ಒಂದು ಮಾತನ್ನೂ ಬಿಡದೆ ಕೇಳಿಸಿಕೊಂಡಳು. ಹದಿನಾಲ್ಕು ವರ್ಷದ ಬುದ್ಧಿವಾದದಲ್ಲಿ ಅವಳು ಪೂರ್ತಿಯಾಗಿ ಕೇಳಿಸಿಕೊಂಡದ್ದು ಇದೊಂದನ್ನೇ.

ಬೆಳಕು ಹರಿದೊಡನೆ ಅತ್ತೆಯನ್ನು ಪಕ್ಕದ ಮನೆಯವಳಿಗೆ ಒಪ್ಪಿಸಿ, ಸೊಂಟಕ್ಕೆ ಕುಡುಗೋಲು ಸಿಕ್ಕಿಸಿಕೊಂಡು ಹೊರಟಳು. ಬೆಟ್ಟದ ಬುಡದಲ್ಲಿ ತೊಗಟೆಯವನ ಗುಡಿಸಲಿತ್ತು. ವೈದ್ಯನಿಗೆ ಮೊದಲು ಇವನ ಅಪ್ಪ ತೊಗಟೆ ಕೊಡುತ್ತಿದ್ದ, ಈಗ ಇವನು.

“ವೈದ್ಯರಿಗೆ ಕೊಡುವ ಕೊಡಸಿಗೆ ಮರ ತೋರಿಸಣ್ಣ.”

“ಯಾಕಕ್ಕಾ, ನನ್ನ ಹೊಟ್ಟೆ ಮೇಲೆ ಹೊಡೆಯೋಕೆ ಬಂದೆಯಾ? ಕುಟ್ಟೋದು ಸಾಲದು ಅಂತ ಸುಲಿಯೋದೂ ನೀನೇ ಮಾಡ್ತೀಯಾ? ಹಾಗೇ ವೈದ್ಯಳೂ ಆಗಿಬಿಡು.”

“ವೈದ್ಯಳಾದರೆ ಮೊದಲ ಕಷಾಯ ನಿನಗೇ ಕುಡಿಸ್ತೀನಿ. ಮರ ತೋರಿಸು.”

ಅವನು ನಗುತ್ತ ತೋರಿಸಿದ. ಮರ ದೂರವೇನೂ ಇರಲಿಲ್ಲ, ಗುಡಿಸಲಿನ ಹಿಂದೆಯೇ ಇತ್ತು. ಅಂಥವು ಹತ್ತಾರಿದ್ದವು. ನುಣುಪಾದ ತೊಗಟೆ. ಸೊಸೆ ಕತ್ತೆತ್ತಿ ನೋಡಿದಳು. ಕೋಡುಗಳು ಜೋಡಿ ಜೋಡಿಯಾಗಿ ಜೋತಿದ್ದವು. ಪ್ರತಿ ಜೋಡಿಯೂ ತುದಿಯಲ್ಲಿ ಕೂಡಿಕೊಂಡಿತ್ತು.

“ಇದು ಕೊಡಸಿಗೆ ಅಂತ ನಿನಗೆ ಯಾರು ಹೇಳಿದರು?”

“ಯಾರು ಹೇಳೋದೇನು? ವೈದ್ಯರೇ ಜಾಡಿ ತೆಗೆದು ಹೋಲಿಸಿ ಒಪ್ಪಿಕೊಳ್ತಾರಲ್ಲ, ಅದಕ್ಕಿಂತ ಬೇಕಾ? ನಮ್ಮಪ್ಪ ಮೊದಲು ಮೇಲಿನ ಬಂಡೆಯ ಹತ್ತಿರದ ಮರದ್ದನ್ನು ತರುತ್ತಿದ್ದ. ಅದನ್ನ ಸುಲಿದು ಸುಲಿದು ಮರಗಳು ಕಮ್ಮಿಯಾದ ಮೇಲೆ ಜೊತೆಗೆ ಇದನ್ನ ನಾಲ್ಕು ತುಂಡು ಸೇರಿಸುತ್ತಿದ್ದನಂತೆ. ಆಮೇಲೆ ಎಂಟು. ನಾನು ಕಂಡಾಗಿಂದ ಬರೀ ಇದೇ.”

“ಬಂಡೆಯ ಹತ್ತಿರದ್ದು ಈಗಲೂ ಇದೆಯಾ?”

“ಇವೆ ಮೂರ್ನಾಲ್ಕು. ಅದು ಕೆಟ್ಟ ಮರ ಅಕ್ಕ, ಮೇಕೆ ಕೂಡ ಬಾಯಿ ಹಾಕೋದಿಲ್ಲ. ಒಂದು ವರ್ಷ ತಪ್ಪಿ ಅದರದ್ದು ಎರಡು ತುಂಡು ಹೊರೆಯಲ್ಲಿ ಬಂದುಬಿಟ್ಟಿತ್ತು. ವೈದ್ಯರು ಎಂಥ ಚುರುಕು ಅಂತೀಯ! ಆರಿಸಿ ತೆಗೆದು ಬೀದಿಗೆ ಎಸೆದರು. ಕಲಬೆರಕೆ ಮಾಡ್ತೀಯಾ ಅಂತ ನನಗೆ ಬೈದರು.”

ಸೊಸೆ ಅವನ ಮುಖ ನೋಡಿದಳು. ಅವನು ಸುಳ್ಳು ಹೇಳುತ್ತಿರಲಿಲ್ಲ. ವೈದ್ಯನೂ ಸುಳ್ಳು ಹೇಳಿರಲಿಲ್ಲ. ತೊಗಟೆಯವನು ವೈದ್ಯನನ್ನು ನಂಬಿದ್ದ, ವೈದ್ಯ ಜಾಡಿಯನ್ನು ನಂಬಿದ್ದ, ಜಾಡಿಗೆ ತೊಗಟೆಯವನು ತಂದದ್ದನ್ನೇ ತುಂಬಿದ್ದರು. ಬೈಯಬೇಕೆಂದರೆ ಯಾರೂ ಸಿಗುತ್ತಿರಲಿಲ್ಲ. ಅವಳು ಬೈಯದೆ ಬಂಡೆಯ ಕಡೆಗೆ ಹತ್ತಿದಳು.

ದಾರಿ ಕೆಟ್ಟದ್ದು. ಎರಡು ಸಲ ಜಾರಿದಳು. ಮೊಣಕೈ ಕೆತ್ತಿಹೋಯಿತು. ಮನೆಯಲ್ಲಿ ಅತ್ತೆ ಇದ್ದಾಳೋ ಇಲ್ಲವೋ ಎಂಬ ಯೋಚನೆ ಬಂದಾಗಲೆಲ್ಲ ಕಾಲು ಹಿಂದಕ್ಕೆ ಎಳೆಯುತ್ತಿತ್ತು. ಬರಿಗೈಯಲ್ಲಿ ಹೋದರೆ ಇದ್ದೂ ಪ್ರಯೋಜನವಿಲ್ಲ ಎಂದು ಅವಳೇ ಅದನ್ನು ಮುಂದಕ್ಕೆ ಇಡುತ್ತಿದ್ದಳು. ಬಂಡೆಯ ಪಕ್ಕದಲ್ಲಿ ಒರಟು ತೊಗಟೆಯ ಗಿಡ್ಡ ಮರಗಳು ನಿಂತಿದ್ದವು. ಉದ್ದನೆಯ ತೆಳು ಕೋಡುಗಳು. ಜೋಡಿಗಳೇ, ಆದರೆ ತುದಿಗಳು ಬೇರೆ ಬೇರೆ. ಅವಳು ಒಂದು ಮಗ್ಗುಲಲ್ಲಿ ಅಂಗೈಯಗಲ ಸುಲಿದಳು. ಒಂದು ಚೂರು ಬಾಯಿಗೆ ಹಾಕಿ ಅಗಿದಳು.

ಮೊದಲು ಏನೂ ಅನ್ನಿಸಲಿಲ್ಲ. ಆಮೇಲೆ ಕಹಿ ನಾಲಿಗೆಯ ಬುಡದಿಂದ ಎದ್ದಿತು. ಕಿವಿಯವರೆಗೆ ಹೋಯಿತು. ಕಣ್ಣಲ್ಲಿ ನೀರು ಬಂತು. ಉಗಿದಳು, ಹೋಗಲಿಲ್ಲ. ನೀರು ಕುಡಿದಳು, ನೀರೇ ಕಹಿಯಾಯಿತು. ಅತ್ತೆ ಮೂವತ್ತು ವರ್ಷ ಇದನ್ನು ನುಂಗಿದ್ದಾಳೆ ಎಂದು ಅವಳಿಗೆ ಆಗ ತಿಳಿಯಿತು. ಅತ್ತೆಯ ಮಾತು ಯಾಕೆ ಹಾಗಿರುತ್ತದೆ ಎಂಬುದಕ್ಕೂ ಅವಳಿಗೆ ಒಂದು ಕಾರಣ ಸಿಕ್ಕಿತು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಅವಳು ವೈದ್ಯನ ಜಗಲಿಯ ಮೇಲೆ ತೊಗಟೆಯನ್ನು ಹರಡಿದಳು. ವೈದ್ಯ ಜಾಡಿ ತಂದ. ಬಿಸಿಲಿಗೆ ಹಿಡಿದ, ಮುರಿದ, ಮೂಸಿದ. ತಲೆ ಅಲ್ಲಾಡಿಸಿದ.

“ಬಣ್ಣ ಬೇರೆ, ದಪ್ಪ ಬೇರೆ. ಇದು ಕೊಡಸಿಗೆ ಅಲ್ಲ ತಾಯಿ. ಜಾಡಿಗೆ ಹೊಂದದೇ ಇರುವುದನ್ನು ರೋಗಿಗೆ ಕೊಟ್ಟರೆ ನಾನು ವೈದ್ಯನಲ್ಲ, ಜೂಜುಗಾರ.”

ಮಾತು ಸರಿಯಾಗಿತ್ತು. ಸೊಸೆಗೂ ಅದು ಸರಿ ಅನ್ನಿಸಿತು. ಆದರೆ ಅವಳು ಏಳಲಿಲ್ಲ.

“ಜಾಡಿಯಲ್ಲಿರುವುದು ಯಾವುದಕ್ಕೆ ಹೊಂದಿತ್ತು, ಅಯ್ಯ?”

“ಹೋದ ವರ್ಷ ಜಾಡಿಯಲ್ಲಿದ್ದದ್ದಕ್ಕೆ.”

“ಅದು?”

“ಅದರ ಹಿಂದಿನ ವರ್ಷದ್ದಕ್ಕೆ. ಒಂದು ವರ್ಷವೂ ತಪ್ಪಿಸಿಲ್ಲ. ಇಪ್ಪತ್ತೈದು ವರ್ಷ.”

“ಮೊಟ್ಟಮೊದಲನೆಯದು?”

“ನಮ್ಮಪ್ಪ ಮರ ನೋಡಿ ಸುಲಿಸಿ ತಂದದ್ದು.”

“ನೀವು ಆ ಮರ ನೋಡಿದ್ದೀರಾ?”

ವೈದ್ಯ ಜಾಡಿಯ ಕಡೆಗೆ ನೋಡಿದ.

“ಜಾಡಿ ಇತ್ತಲ್ಲ,” ಎಂದ.

ಹೊರಗೆ ರೋಗಿಗಳು ಕಾದಿದ್ದರು. ಒಬ್ಬ ಕೆಮ್ಮಿದ. ವೈದ್ಯ ಅತ್ತ ನೋಡಲಿಲ್ಲ. ಸೊಸೆ ತನ್ನ ತೊಗಟೆಯ ಒಂದು ತುಂಡನ್ನು ಅವನ ಮುಂದಿಟ್ಟಳು. “ಇದು ವಿಷವಲ್ಲ. ಬೆಳಗ್ಗೆ ನಾನೇ ತಿಂದೆ, ಬೆಟ್ಟ ಇಳಿದು ಬಂದೆ, ನಿಮ್ಮ ಮುಂದೆ ಕೂತು ವಾದ ಮಾಡುತ್ತಿದ್ದೇನೆ. ಬಣ್ಣ ನೋಡಿದಿರಿ, ಮೂಸಿದಿರಿ. ಬಾಯಿಗೆ ಹಾಕಲಿಲ್ಲ.”

“ಹೊಂದುವುದಿಲ್ಲ ಎಂದು ಕಣ್ಣಿಗೇ ಕಂಡ ಮೇಲೆ ಬಾಯಿಗೆ ಯಾಕೆ?”

“ನಾನು ಇಲ್ಲಿಂದ ಏಳಬೇಕಲ್ಲ, ಅದಕ್ಕೆ.”

ವೈದ್ಯ ಅವಳು ಏಳುವ ಹೆಂಗಸಲ್ಲ ಎಂದು ಕಂಡು ಒಂದು ಚೂರು ಬಾಯಿಗೆ ಹಾಕಿಕೊಂಡ. ಅಗಿದ. ಅವನ ಮುಖ ಮೊದಲು ಕಿವುಚಿತು. ಆಮೇಲೆ ಕಿವುಚಿದ್ದು ನಿಂತಿತು. ಅವನು ಉಗಿಯಲಿಲ್ಲ. ಕೆನ್ನೆಯೊಳಗೆ ಹಾಗೆಯೇ ಇಟ್ಟುಕೊಂಡು ಗೋಡೆಯ ಕಡೆಗೆ ನೋಡುತ್ತ ಕೂತ.

“ಏಳು ವರ್ಷದವನಿದ್ದೆ,” ಎಂದ. “ಅಪ್ಪ ನನ್ನನ್ನು ಕಾಲ ಮೇಲೆ ಮಲಗಿಸಿಕೊಂಡು ಮೂಗು ಹಿಡಿದು ಕುಡಿಸಿದ್ದರು. ಇದೇ.”

ಸೊಸೆ ನೋಡುತ್ತಿದ್ದಳು. ವೈದ್ಯನ ಬಲಗೈ ಮಡಿಲಲ್ಲಿತ್ತು. ಅವನು ಬೆರಳು ಮಡಿಸುತ್ತಿದ್ದ. ತುಟಿ ಮೆಲ್ಲಗೆ ಆಡುತ್ತಿತ್ತು. ಹೆಸರುಗಳು ಎಂದು ಅವಳಿಗೆ ತಿಳಿಯಿತು. ಕೈಮುಗಿಯಲು ಬಾರದೇ ಇದ್ದವರ ಹೆಸರುಗಳು. ಬಲಗೈಯ ಬೆರಳುಗಳು ಮುಗಿದವು. ಎಡಗೈಯವೂ ಮುಗಿದವು.

“ಅಯ್ಯ, ಅದನ್ನು ಆಮೇಲೆ ಎಣಿಸಿ,” ಎಂದಳು ಸೊಸೆ. “ನಮ್ಮ ಅತ್ತೆಯನ್ನು ಅದರಲ್ಲಿ ಸೇರಿಸಬೇಡಿ.”

ವೈದ್ಯ ಎದ್ದ. ತಾನೇ ಒಲೆ ಹಚ್ಚಿದ. ಹಸಿ ತೊಗಟೆಯನ್ನು ಜಜ್ಜಿ, ಎಂಟು ಪಾಲು ನೀರನ್ನು ಒಂದು ಪಾಲಿಗೆ ಇಳಿಸಿ, ಸೊಸೆಯ ಜೊತೆಗೆ ಅವಳ ಮನೆಗೆ ನಡೆದ. ಕಾದಿದ್ದ ರೋಗಿಗಳಿಗೆ “ಇವತ್ತು ಕೊಡಸಿಗೆ ಕುಡಿಯಬೇಡಿ, ಸಂಜೆ ಬೇರೆ ಕೊಡುತ್ತೇನೆ” ಎಂದು ಹೇಳಿ ಹೊರಟ. ತನ್ನ ಔಷಧಿಯನ್ನು ಕುಡಿಯಬೇಡಿ ಎಂದು ಹೇಳುವ ವೈದ್ಯನನ್ನು ಅವರು ಕಂಡಿರಲಿಲ್ಲ. ಒಬ್ಬ ಅಲ್ಲಿಯೇ ಎದ್ದು ಇನ್ನೊಬ್ಬ ವೈದ್ಯನ ಮನೆಗೆ ಹೋದ.

ಅತ್ತೆ ಇದ್ದಳು. ಇದ್ದಾಳೆ ಎನ್ನಲು ಪಕ್ಕದ ಮನೆಯವಳು ಮೂಗಿನ ಹತ್ತಿರ ಕೈ ಹಿಡಿದು ನೋಡಬೇಕಾಗಿತ್ತು, ಅಷ್ಟೇ. ಸೊಸೆ ಅವಳ ತಲೆಯನ್ನು ತೊಡೆಯ ಮೇಲೆ ಎತ್ತಿಕೊಂಡು ಕಷಾಯವನ್ನು ಬಿಟ್ಟಳು. ಮೊದಲ ಚಮಚ ತುಟಿಯಂಚಿನಿಂದ ಹರಿದುಹೋಯಿತು. ಎರಡನೆಯದು ಒಳಗೆ ಹೋಯಿತು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಮುದುಕಿಯ ಹುಬ್ಬು ಗಂಟಾಯಿತು, ಮೂಗು ಮುದುಡಿತು, ಒಂದು ಕಣ್ಣು ಅರ್ಧ ತೆರೆಯಿತು.

“ಥೂ,” ಎಂದಳು ಅತ್ತೆ. “ಕೊಲೆಗಾತಿ.”

ಪಕ್ಕದ ಮನೆಯವಳು ಗಾಬರಿಯಾದಳು. ಸೊಸೆ ಗಾಬರಿಯಾಗಲಿಲ್ಲ. ಮೂರನೆಯ ಚಮಚ ಬಿಟ್ಟಳು.

ಅತ್ತೆ ಉಳಿಯುತ್ತಾಳೋ ಇಲ್ಲವೋ ಎಂದು ಮೂರು ದಿನ ಯಾರಿಗೂ ಹೇಳಲಾಗಲಿಲ್ಲ. ಮೂರೂ ದಿನ ಸೊಸೆ ಹೊತ್ತು ಹೊತ್ತಿಗೆ ಕಷಾಯ ಬಿಟ್ಟಳು, ಉಪ್ಪುಬೆಲ್ಲದ ನೀರು ಬಿಟ್ಟಳು, ಬೈಗುಳ ತಿಂದಳು. ಬೈಗುಳ ಪ್ರತಿದಿನ ಸ್ವಲ್ಪ ಉದ್ದವಾಗುತ್ತ ಬಂತು. ನಾಲ್ಕನೆಯ ದಿನ ಗಂಜಿಗೆ ಉಪ್ಪು ಸಾಲದು, ಅಕ್ಕಿ ಬೆಂದಿಲ್ಲ, ಇಂಥ ಗಂಜಿಯನ್ನು ತನ್ನ ತವರಿನಲ್ಲಿ ಎಮ್ಮೆಗೂ ಹಾಕುವುದಿಲ್ಲ ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದಳು. ವೈದ್ಯ ನಾಡಿ ನೋಡುವ ಅಗತ್ಯ ಬೀಳಲಿಲ್ಲ.

ಆಮೇಲಿನದು ಅಷ್ಟು ಸುಲಭವಾಗಿರಲಿಲ್ಲ. ಹೊಸ ಕಷಾಯವನ್ನು ಕುಡಿದ ಜನ ಅದನ್ನು ವೈದ್ಯನ ಅಂಗಳದಲ್ಲೇ ಉಗಿದರು. ವೈದ್ಯನಿಗೆ ವಯಸ್ಸಾಯಿತು, ಕೈಗುಣ ಹೋಯಿತು ಎಂದರು. “ನಮಗೆ ಅಸಲಿ ಕೊಡಸಿಗೆಯೇ ಕೊಡಿ, ಆ ಮೆದು ಕೊಡಸಿಗೆ,” ಎಂದು ಒಬ್ಬ ಹಟ ಹಿಡಿದು ಕೂತ. ವೈದ್ಯ ಒಬ್ಬೊಬ್ಬರಿಗೂ ಮೂಗು ಹಿಡಿದು ಕುಡಿಸಿದ. ಹೊರೆಗಟ್ಟಲೆ ತೊಗಟೆಯನ್ನು ನಡುಬೀದಿಯಲ್ಲಿ ಸುಟ್ಟ. ಯಾಕೆ ಸುಡುತ್ತಿದ್ದೇನೆ ಎಂಬುದನ್ನು ಕೇಳಿದವರಿಗೆಲ್ಲ ಹೇಳಿದ, ಇಪ್ಪತ್ತೈದು ವರ್ಷವನ್ನೂ ಹೇಳಿದ. ಅರ್ಧ ಜನ ಅವನ ಬಳಿ ಬರುವುದನ್ನು ಬಿಟ್ಟರು. ತಪ್ಪು ಮಾಡಿದ್ದಕ್ಕೆ ಅಲ್ಲ, ಹೇಳಿದ್ದಕ್ಕೆ. ಅವನು ಹೇಳುವುದನ್ನು ಬಿಡಲಿಲ್ಲ.

ಮುಂದಿನ ವರ್ಷ ಮಳೆ ನಿಂತ ಮೇಲೆ ಅವನು ಕೋಲೂರಿಕೊಂಡು ಬೆಟ್ಟ ಹತ್ತಿದ. ಮುಂದೆ ಸೊಸೆ, ಹಿಂದೆ ತೊಗಟೆಯವನು. ಅದರ ಮುಂದಿನ ವರ್ಷವೂ ಹತ್ತಿದ. ಒಂದೊಂದು ಮರದ ಮುಂದೆಯೂ ನಿಂತು, ಕೋಡು ನೋಡಿ, ತೊಗಟೆಯನ್ನು ಅಗಿದು, ಮುಖ ಕಿವುಚಿ, ಆಮೇಲೆ ಕುಡುಗೋಲಿಗೆ ಕೈ ಹಾಕುತ್ತಿದ್ದ.

ಮರುಳಸಿದ್ಧಯ್ಯನವರು ಇಷ್ಟು ಹೇಳಿ ನಿಲ್ಲಿಸಿದರು.

ಪಂಪಣ್ಣನ ಮುಖ ಅರಳಿತ್ತು. ಅವನು ಬುದ್ಧಿವಂತ, ಕತೆಯ ತಿರುಳನ್ನು ಹಿಡಿಯಲು ಹೊತ್ತು ಬೇಕಾಗಲಿಲ್ಲ.

“ತಿಳಿಯಿತು, ಗುರುಗಳೇ. ಇದನ್ನು ಮೊದಲೇ ಹೇಳಿದ್ದರೆ ನಾನು ಪ್ರಶ್ನೆಯನ್ನೇ ಕೇಳುತ್ತಿರಲಿಲ್ಲ. ಕೋಡಿನ ತುದಿ ಬಿಡಿಬಿಡಿ, ತೊಗಟೆ ಬಹಳ ಕಹಿ. ಹಾಗಿದ್ದರೆ ಕೊಡಸಿಗೆ, ಇಲ್ಲದಿದ್ದರೆ ಅಲ್ಲ.” ಅವನು ಅದನ್ನು ಪುಸ್ತಕದಲ್ಲಿ ಬರೆದುಕೊಂಡು, ಕೆಳಗೆ ಎರಡು ಗೆರೆ ಎಳೆದು, ಗುರುಗಳಿಗೆ ತೋರಿಸಿದ. “ಇನ್ನು ನಾಳೆ ಬೆಟ್ಟ ಹತ್ತುವ ಶ್ರಮ ನಿಮಗೂ ಉಳಿಯಿತು.”

ಮರುಳಸಿದ್ಧಯ್ಯನವರು ಬರೆದದ್ದನ್ನು ಓದಿದರು. ಪುಸ್ತಕವನ್ನು ಅವನ ಕೈಗೆ ಹಿಂದಿರುಗಿಸಿ ಕೇಳಿದರು:

“ಎಷ್ಟು ಕಹಿ?”